ಊರು ಮುಟ್ಟುವ ಗಾಡಿ

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ತುಳಸಿಗೇರಿ, ಅಲ್ಲಿಯ ಆಂಜನೇಯನ ಗುಡಿಯಿಂದಾಗಿ ಸುತ್ತಲ ಸೀಮೆಗೆಲ್ಲ ಪರಿಚಿತವಾದ ಊರು. ಹಿಂದೆ ಅಲ್ಲಿಯ ಜಾತ್ರೆಗೆ ಜನ ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು. ಮೋಟಾರು ಪಂದ್ಯದ ವಿಷಯ ಹೇಳಲು ಹೊರಟವನು ಚಕ್ಕಡಿಯಿಂದ ಆರಂಭಿಸುವುದಕ್ಕೆ ಒಂದು ಕಾರಣವುಂಟು. ನಾನು ಹುಡುಗನಾಗಿದ್ದಾಗ ಜಾತ್ರೆಯಿಂದ ಮರಳುವ ದಾರಿಯಲ್ಲಿ ಹರೆಯದವರು ಗಾಡಿಗಳನ್ನು ಒಂದಕ್ಕಿಂತ ಒಂದು ಮುಂದೆ ಎಂದು ಓಡಿಸುತ್ತಿದ್ದರು. ನಮ್ಮ ಗಾಡಿ ಹೊಡೆಯುತ್ತಿದ್ದ ಹಿರಿಯರು ಮಾತ್ರ ಹಗ್ಗವನ್ನು ಬಿಗಿ ಹಿಡಿದೇ ಕುಳಿತಿರುತ್ತಿದ್ದರು. “ಕಾಕಾ, ಜೋರ ಹೊಡೀರಿ” ಎಂದರೆ, “ತಮ್ಮಾ, ಮುಂದ ಹೋಗೂದು ದೊಡ್ಡದಲ್ಲ, ಅಚ್ಚು ಮುರೀದ ಊರು ಮುಟ್ಟೂದು ದೊಡ್ಡದು” ಎನ್ನುತ್ತಿದ್ದರು. ಅದು ಆಗ ನನಗೆ ಅಂಜುಬುರುಕರ ಮಾತಾಗಿ ಕೇಳಿಸಿತ್ತು. ಅದರಲ್ಲಿ ಎಷ್ಟು ತಿಳಿವಳಿಕೆ ಇತ್ತೆಂಬುದು ಎರಡು ಹಳೆಯ ಪಂದ್ಯಗಳ ಕಥೆಯನ್ನು ಓದಿದ ಮೇಲೆ ಹೊಳೆಯಿತು.

ಮೊದಲನೆಯದು ಅಮೆರಿಕದ್ದು. ಅಲ್ಲಿ ‘ಸ್ಟಾಕ್ ಕಾರ್’ ಓಟವೆಂಬ ಒಂದು ಬಗೆಯ ಪಂದ್ಯವಿದೆ. ಸ್ಟಾಕ್ ಎಂದರೆ ದಾಸ್ತಾನು. ಪಂದ್ಯಕ್ಕೆಂದೇ ಕಟ್ಟಿದ ಯಂತ್ರವಲ್ಲ, ಮಾರಾಟಗಾರನ ದಾಸ್ತಾನಿನಲ್ಲಿ ನಿಂತಿರುವ, ನೀವು ನಾವು ಕೊಂಡು ಸಂತೆಗೆ ಹೋಗಿ ಬರುವಂಥ ಕಾರು ಎಂಬುದು ಈ ಹೆಸರಿನ ಮೂಲಾರ್ಥ. 1950ರ ಸೆಪ್ಟೆಂಬರ್ 4ರಂದು ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್ ಎಂಬ ಚಿಕ್ಕ ಊರಿನಲ್ಲಿ ಇಂಥ ಕಾರುಗಳ 500 ಮೈಲುಗಳ ಓಟ ನಡೆಯಿತು. ಹೆರಾಲ್ಡ್ ಬ್ರಾಸಿಂಗ್ಟನ್ ಎಂಬಾತ ಹೊಲದ ನೆಲದಲ್ಲಿ ಆ ಓಟದ ಹಾದಿಯನ್ನು ಕಟ್ಟಿಸಿದ್ದ. ನೆಲ ಕೊಟ್ಟ ಒಡೆಯ ತನ್ನ ಮೀನಿನ ಹೊಂಡಕ್ಕೆ ಕೈಹಚ್ಚಕೂಡದೆಂದುದರಿಂದ ಹಾದಿಯ ಒಂದು ತುದಿ ಕಿರಿದಾಗಿ, ಇಡಿಯ ಹಾದಿಗೆ ಮೊಟ್ಟೆಯ ಆಕಾರ ಬಂದಿತು.

ಅಂದು ಹೊರಟ ಕಾರುಗಳು 75. ಜಾನಿ ಮ್ಯಾಂಟ್ಸ್ ಎಂಬ ಚಾಲಕನ ಸಾಧಾರಣ ಪ್ಲಿಮತ್ ಕಾರು 43ನೆಯ ಸ್ಥಾನದಿಂದ ಹೊರಟಿತು. ಅದಕ್ಕಿಂತ ಬಲವಾದ ಎಂಜಿನುಗಳು ಅಲ್ಲಿ ಬೇಕಾದಷ್ಟಿದ್ದವು. ಆದರೆ ಸೆಪ್ಟೆಂಬರಿನ ಬಿಸಿಲಿನಲ್ಲಿ, ಇಳಿಜಾರಾಗಿ ಎತ್ತರಿಸಿದ ಹಾದಿಯ ಮೇಲೆ, ಭಾರದ ಕಾರುಗಳ ಟಯರುಗಳು ಒಂದರ ಹಿಂದೊಂದು ಒಡೆಯತೊಡಗಿದವು. ಅವುಗಳ ಚಾಲಕರು ಗಳಿಸಿದ ವೇಗವನ್ನೆಲ್ಲ ಟಯರು ಬದಲಿಸುವ ಜಾಗದಲ್ಲಿ ಕಳೆದುಕೊಂಡರು. ಮ್ಯಾಂಟ್ಸ್‌ನ ಹಗುರ ಕಾರಿಗೆ ಲಾರಿಗೆ ಹಾಕುವಂಥ ಗಟ್ಟಿ ಟಯರುಗಳಿದ್ದವು. ಆತ ಹದವಾದ ವೇಗದಲ್ಲಿ, ನಿಲ್ಲಬೇಕಾದ ಸಂದರ್ಭಗಳನ್ನು ಕಡಿಮೆ ಮಾಡಿಕೊಂಡು ಓಡಿಸಿದ. ಆರೂವರೆ ಗಂಟೆಗೂ ಮೀರಿದ ಓಟ ಮುಗಿದಾಗ ಎರಡನೆಯವನು ಅವನಿಗಿಂತ ಒಂಬತ್ತು ಸುತ್ತು ಹಿಂದಿದ್ದ.

ಎರಡನೆಯ ಪಂದ್ಯ ನಮ್ಮ ದೇಶದ ಮೇಲೆಯೇ ಹಾದು ಹೋಯಿತು. ಅದು 1968ರ ಲಂಡನ್–ಸಿಡ್ನಿ ಮ್ಯಾರಥಾನ್. ಅಮೆರಿಕದ ಓಟದಂತೆ ಒಂದೇ ಹಾದಿಯನ್ನು ಸುತ್ತುವುದಲ್ಲ, ಜನ ತಿರುಗಾಡುವ ರಸ್ತೆಗಳಲ್ಲಿಯೇ ಹತ್ತು ಸಾವಿರ ಮೈಲುಗಳ ಪಯಣ. ಕಾರುಗಳಾದರೋ ಬಹುಮಟ್ಟಿಗೆ ಅಂಗಡಿಯಲ್ಲಿ ಸಿಗುವಂಥವೇ. ಒರಟು ದಾರಿಗಾಗಿ ಗಟ್ಟಿಗೊಳಿಸಿದ್ದರು, ಅಷ್ಟೆ. ಲಂಡನ್ನಿನ ‘ಡೇಲಿ ಎಕ್ಸ್‌ಪ್ರೆಸ್’ ಪತ್ರಿಕೆ ಹತ್ತು ಸಾವಿರ ಪೌಂಡುಗಳ ಬಹುಮಾನವನ್ನು ಇಟ್ಟಿತ್ತು. ನವೆಂಬರ್ 24ರಂದು 98 ಕಾರುಗಳು ಹೊರಟವು. ಪ್ಯಾರಿಸ್, ಬೆಲ್‌ಗ್ರೇಡ್, ಇಸ್ತಾಂಬುಲ್, ಟೆಹರಾನ್, ಕಾಬೂಲ್‌ಗಳನ್ನು ಹಾದು, ಖೈಬರ್ ಕಣಿವೆಯನ್ನು ಇಳಿದು, ದೆಹಲಿಯ ಮೂಲಕ ಮುಂಬಯಿಗೆ ಬಂದವು. ಭಾರತದ ರಸ್ತೆಗಳ ಇಕ್ಕೆಲದಲ್ಲಿಯೂ ಜನ ಜಾತ್ರೆಗೆ ನೆರೆದಂತೆ ನೆರೆದಿದ್ದರು. ಕೆಲವೆಡೆ ಕಾರು ಹಾಯಲು ಉಳಿದದ್ದು ಒಂದು ಕಿರುದಾರಿ ಮಾತ್ರ.

ಈ ಪಂದ್ಯದ ಲೆಕ್ಕಾಚಾರವನ್ನು ಗಮನಿಸಬೇಕು. ದಾರಿಯುದ್ದಕ್ಕೂ ತಪಾಸಣೆಯ ಕಟ್ಟೆಗಳಿದ್ದವು. ಅಲ್ಲಿಗೆ ಗೊತ್ತುಮಾಡಿದ ಹೊತ್ತಿಗಿಂತ ತಡವಾಗಿ ಬಂದರೆ ನಿಮಿಷಕ್ಕೊಂದು ದಂಡದ ಅಂಕ. ಬೇಗ ಬಂದುದಕ್ಕೆ ಮಾತ್ರ ಯಾವ ಬಹುಮಾನವೂ ಇರಲಿಲ್ಲ. ಅಂದರೆ ಎಷ್ಟು ಬೇಕೋ ಅಷ್ಟೇ ವೇಗವಾಗಿ ಹೋಗಬಲ್ಲವನೇ ಜಾಣ.

ದಾರಿಯ ಕಷ್ಟಗಳು ಅನೇಕ. ಐರ್ಲೆಂಡಿನ ರೋಸ್‌ಮೇರಿ ಸ್ಮಿತ್ ಎಂಬ ಚಾಲಕಿಯ ಕಾರಿನ ಎಂಜಿನು ಕೆಟ್ಟು, ಮುಂದಿನ ಗೇರುಗಳಲ್ಲಿ ಏರು ಹತ್ತಲು ಬಲ ಸಾಲದಾಯಿತು. ಹಿಂದೆ ಹೋಗುವ ಗೇರಿನಲ್ಲಿ ಎಳೆತ ಹೆಚ್ಚು. ಅದನ್ನರಿತ ಆಕೆ ಕಾರನ್ನು ತಿರುಗಿಸಿ, ಖೈಬರಿನ ಏರನ್ನು ಹಿಮ್ಮುಖವಾಗಿಯೇ ಹತ್ತಿದುದಾಗಿ ಹೇಳಿಕೊಂಡಿದ್ದಾರೆ. ಏರಿನಲ್ಲಿ ಎತ್ತು ನಿಂತರೆ ಇಳಿದು ಗಾಲಿಗೆ ಹೆಗಲು ಕೊಡುವ ನಮ್ಮ ರೈತನಿಗೆ ಈ ಉಪಾಯ ಮೆಚ್ಚುಗೆಯಾಗದೆ ಇರದು.

ಮುಂಬಯಿ ತಲುಪಿದಾಗ ಎಲ್ಲರಿಗಿಂತ ಮುಂದಿದ್ದವನು ರೋಜರ್ ಕ್ಲಾರ್ಕ್ ಎಂಬ ಆಂಗ್ಲ ಚಾಲಕ. ಅಲ್ಲಿಂದ ‘ಚೂಸಾನ್’ ಎಂಬ ಹಡಗು 72 ಕಾರುಗಳನ್ನು ಹೊತ್ತು ಆಸ್ಟ್ರೇಲಿಯದ ಪಶ್ಚಿಮ ತೀರಕ್ಕೆ ಸಾಗಿಸಿತು. ಮರುಭೂಮಿಯಂಥ ಆ ನೆಲದಲ್ಲಿ ಕ್ಲಾರ್ಕನ ಎಂಜಿನು ಕೈಕೊಟ್ಟಿತು. ಅವನ ತಂಡದವರೇ ಆದ ಇನ್ನೊಬ್ಬರ ಕಾರಿನಿಂದ ಭಾಗವನ್ನು ಬಿಚ್ಚಿ ಅವನಿಗೆ ಜೋಡಿಸಿದರು. ಮುಂದೆ ಹಿಂದಿನ ಅಚ್ಚಿನ ಭಾಗವೂ ಕೆಟ್ಟಿತು. ಅದೇ ಜಾತಿಯ ಕಾರಿದ್ದ ದಾರಿಹೋಕನೊಬ್ಬನನ್ನು ಒಪ್ಪಿಸಿ, ಅವನ ಗಾಡಿಯಿಂದ ಅದನ್ನು ಕಳಚಿಕೊಂಡದ್ದಾಯಿತು. ಅಂಗಡಿಯ ಕಾರಿನ ಓಟದಲ್ಲಿ ಇದೊಂದು ಅನುಕೂಲ! ಆದರೆ ಕಳೆದ ಹೊತ್ತು ಮರಳಲಿಲ್ಲ; ಕ್ಲಾರ್ಕ್ ಹತ್ತನೆಯವನಾದ.

ಆಗ ಮುಂದೆ ಬಂದವನು ಬೆಲ್ಜಿಯಮ್ಮಿನ ಲೂಸಿಯೆನ್ ಬಿಯಾಂಕಿ. ಅದೇ ವರ್ಷ ಫ್ರಾನ್ಸಿನ ಲ ಮಾನ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದಿದ್ದ ಸಮರ್ಥ. ಸಿಡ್ನಿ ಇನ್ನು ನೂರು ಮೈಲು ಇದೆ ಎನ್ನುವಾಗ, ಜೊತೆಗಾರ ಓಜಿಯೆ ಕಾರು ನಡೆಸುತ್ತಿದ್ದ ಹೊತ್ತಿನಲ್ಲಿ, ಎದುರಿನಿಂದ ಬಂದ ಹೊರಗಿನ ಕಾರೊಂದು ಅವರಿಗೆ ಡಿಕ್ಕಿ ಹೊಡೆಯಿತು. ಹಿಂದಿನಿಂದ ಬರುತ್ತಿದ್ದವನು ಪ್ಯಾಡಿ ಹಾಪ್‌ಕಿರ್ಕ್. ಅವನಿಗೂ ಗೆಲುವಿನ ಆಸೆ ಇದ್ದೇ ಇತ್ತು. ಒಂದೊಂದು ನಿಮಿಷಕ್ಕೂ ಬೆಲೆಯಿದ್ದ ಗಳಿಗೆ. ಆದರೂ ಹಾಪ್‌ಕಿರ್ಕ್ ಮತ್ತು ಅವನ ಸಂಗಡಿಗರು ನಿಂತರು, ಗಾಯಗೊಂಡವರ ನೆರವಿಗೆ ಧಾವಿಸಿದರು.

ಡಿಸೆಂಬರ್ 17ರಂದು ಸಿಡ್ನಿಯಲ್ಲಿ ಗೆದ್ದವನು ಸ್ಕಾಟ್ಲೆಂಡಿನ ಆಂಡ್ರ್ಯೂ ಕೋವನ್. ಅವನದು ಹಿಲ್‌ಮನ್ ಹಂಟರ್ ಎಂಬ ಸಂಸಾರಿಗರ ಕಾರು. ಈ ದಾರಿಯಲ್ಲಿ ಹೆಚ್ಚಿನ ಕಾರುಗಳು ಮುರಿದು ಬೀಳುತ್ತವೆಂದು ಮೊದಲೇ ಎಣಿಸಿದ್ದ ಅವನು, ಕೊನೆಯವರೆಗೆ ಉಳಿಯುವ ಕಾರೇ ಬೇಕೆಂದು ಕೇಳಿ ಪಡೆದಿದ್ದ. ಅವನಿಗೆ ಬಿದ್ದ ದಂಡದ ಅಂಕಗಳು 50. ಎರಡನೆಯವನಾದ ಹಾಪ್‌ಕಿರ್ಕನಿಗೆ 56. ಹೊರಟ 98ರಲ್ಲಿ ಊರು ಮುಟ್ಟಿದವು 56 ಕಾರುಗಳು. ಬಿಯಾಂಕಿ ಆ ಅಪಘಾತದಲ್ಲಿ ಬದುಕಿ ಉಳಿದನಾದರೂ, 1969ರ ಮಾರ್ಚಿಯಲ್ಲಿ ಲ ಮಾನ್‌ನಲ್ಲಿಯೇ ಕಾರಿನ ಪರೀಕ್ಷೆ ನಡೆಸುತ್ತಿದ್ದಾಗ ತೀರಿಕೊಂಡ.

‘ನಿಧಾನವೇ ಪ್ರಧಾನ’ ಎಂದು ಹೇಳಿ ಈ ಕಥೆಯನ್ನು ಮುಗಿಸಿಬಿಡಬಹುದು. ಆದರೆ ಮ್ಯಾಂಟ್ಸ್ ಆಗಲಿ ಕೋವನ್ ಆಗಲಿ ಬರಿಯ ನಿಧಾನದಿಂದ ಗೆದ್ದವರಲ್ಲ. ತಮ್ಮ ಗಾಡಿ ಎಷ್ಟು ತಾಳುತ್ತದೆ ಎಂಬುದನ್ನು ಹೊರಡುವ ಮೊದಲೇ ಯೋಚಿಸಿದ್ದರು, ದಾರಿಯಲ್ಲಿ ಆ ಎಲ್ಲೆಯನ್ನು ಮರೆಯಲಿಲ್ಲ. ನಮ್ಮ ಗಾಡಿಯ ಹಿರಿಯರು ಮಾಡುತ್ತಿದ್ದುದೂ ಅದನ್ನೇ. ನಸುಕಿನಲ್ಲಿ ಎದ್ದು ಗಾಲಿ ತೆಗೆದು, ಅಚ್ಚಿಗೆ ಎಣ್ಣೆ ಸವರಿ, ಕೀಲನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಎತ್ತುಗಳ ಕೊರಳಿಗೆ ನೊಗ.

ಇನ್ನೊಂದು ನೆನಪೂ ಬರುತ್ತದೆ. ನಮ್ಮನ್ನು ಹಿಂದೆ ಹಾಕಿ ಹೋದ ಗಾಡಿಗಳಲ್ಲಿ ಒಂದಾದರೂ ದಾರಿಯಲ್ಲಿ ಕೀಲು ಕಳಚಿಕೊಂಡು ಬದಿಗೆ ನಿಂತಿರುತ್ತಿತ್ತು. ಹಿರಿಯರು ಏನನ್ನೂ ಅನ್ನುತ್ತಿರಲಿಲ್ಲ. ಹಗ್ಗ ಜಗ್ಗಿ, ಗಾಡಿ ನಿಲ್ಲಿಸಿ, ಕೆಳಗಿಳಿಯುತ್ತಿದ್ದರು. ನಾವು ಊರು ಮುಟ್ಟುವಾಗ ಕತ್ತಲಾಗಿರುತ್ತಿತ್ತು. ಆದರೆ ಮುಟ್ಟುತ್ತಿದ್ದ ಗಾಡಿಗಳು ಎರಡು.