ದಶಮೂಲ ಕಷಾಯ: ತಿಳಿದು ಸೇವಿಸಬೇಕಾದ ಔಷಧ

(ಪೆರಂಬೂರು ಶಾಖಾಮಠದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)





ಮನೆಯಲ್ಲಿ ಯಾರಾದರೂ ಅಸ್ವಸ್ಥರಾದಾಗ ಧನ್ವಂತರಿ ಸುಳಾದಿಯನ್ನು ಪಠಿಸುವುದು ನಮ್ಮ ಸಂಪ್ರದಾಯ. ಔಷಧದಲ್ಲಿ ಸನ್ನಿಹಿತನಾಗಿ ಗುಣ ನೀಡುವವನು ಆ ಧನ್ವಂತರಿಯೇ ಎಂಬ ಅನುಸಂಧಾನವುಳ್ಳವರು ಔಷಧವನ್ನು ತಿಳಿಯದೆ ಸೇವಿಸುವುದು ಉಚಿತವಲ್ಲ. ದಶಮೂಲವು ಇದಕ್ಕೆ ಉತ್ತಮ ನಿದರ್ಶನ.

ಬಿಲ್ವ, ಅಗ್ನಿಮಂಥ, ಶ್ಯೋನಾಕ, ಪಾಟಲಾ, ಗಂಭಾರಿ (ಶಿವನಿ) ಇವು ಬೃಹತ್ ಪಂಚಮೂಲ. ಶಾಲಪರ್ಣಿ, ಪೃಶ್ನಿಪರ್ಣಿ, ಬೃಹತೀ, ಕಂಟಕಾರಿ (ನೆಲಗುಳ್ಳ), ಗೋಕ್ಷುರ (ನೆಗ್ಗಿಲು) ಇವು ಲಘು ಪಂಚಮೂಲ. ಇಲ್ಲಿಯ ನಾಟು ಮರುಂದು ಅಂಗಡಿಗಳಲ್ಲಿ ಕೊನೆಯ ಎರಡನ್ನು ಕಂಡಂಗತ್ತರಿ, ನೆರುಂಜಿಲ್ ಎನ್ನುವರು. ಚರಕಸಂಹಿತೆಯು ಈ ಹತ್ತನ್ನೂ ಊತ ಶಮನಗೊಳಿಸುವ ಗಣದಲ್ಲಿ ಹೇಳಿದೆ. ವಾತವಿಕಾರ, ಕೆಮ್ಮು, ಉಬ್ಬಸಗಳಲ್ಲಿಯೂ ಬಾಣಂತಿಯರ ಉಪಚಾರದಲ್ಲಿಯೂ ವೈದ್ಯರು ಇದನ್ನು ಬಳಸುತ್ತ ಬಂದಿದ್ದಾರೆ.

ಶಾರ್ಙ್ಗಧರನ ವಿಧಿಯಂತೆ ಒಂದು ಪಲ, ಅಂದರೆ ಸುಮಾರು 48 ಗ್ರಾಂ ತರಿಯಾದ ಚೂರ್ಣಕ್ಕೆ 16 ಪಾಲು ನೀರೆರೆದು, ಸಣ್ಣ ಉರಿಯಲ್ಲಿ ಎಂಟನೆಯ ಒಂದು ಭಾಗಕ್ಕೆ ಇಳಿಸಿ ಶೋಧಿಸಬೇಕು. ಸುಮಾರು 770 ಮಿಲಿಲೀಟರ್ ನೀರು 96 ಮಿಲಿಲೀಟರಿಗೆ ಇಳಿಯುತ್ತದೆ. ಕಷಾಯವನ್ನು ಅಂದಂದೇ ಮಾಡಿಕೊಳ್ಳಬೇಕು, ಮರುದಿನಕ್ಕೆ ಇಡತಕ್ಕದ್ದಲ್ಲ. ಸೇವನೆಯ ಪ್ರಮಾಣವನ್ನು ವೈದ್ಯರೇ ನಿರ್ಣಯಿಸಬೇಕು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸೀಸೆಯಲ್ಲಿ ದೊರೆಯುವ ದಶಮೂಲಾರಿಷ್ಟವು ಕಷಾಯವಲ್ಲ. ಬೆಲ್ಲ, ಧಾತಕೀಪುಷ್ಪ ಮೊದಲಾದವುಗಳನ್ನು ಸೇರಿಸಿ ಹುದುಗಿಸುವುದರಿಂದ ಅದರಲ್ಲಿ ಮದ್ಯಸಾರ ತಾನಾಗಿಯೇ ಉತ್ಪನ್ನವಾಗುತ್ತದೆ. ಆಚಾರನಿಷ್ಠರೂ ಹಾಲುಣಿಸುವ ತಾಯಂದಿರೂ ಇದನ್ನರಿತು, ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಬಾಣಂತಿಗೆ ಜ್ವರ ಬಂದರೆ, ರಕ್ತಸ್ರಾವ ಅಧಿಕವಾದರೆ, ಯಾರಿಗೇ ಆಗಲಿ ಉಸಿರು ಸಿಕ್ಕಿಕೊಂಡರೆ ಕಷಾಯ ಕಾಯಿಸುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರಿಯರ ಮಾತಿಗೆ ಗೌರವ ಸಲ್ಲುವುದು ಪ್ರಾಣ ಉಳಿದಾಗಲೇ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೊನೆಯದಾಗಿ, ಬೃಹತ್ ಪಂಚಮೂಲದ ಐದೂ ವೃಕ್ಷಗಳು. ಬೇರು ಅಗೆದರೆ ವೃಕ್ಷವೇ ನಾಶವಾಗುತ್ತದೆ. ಆದ್ದರಿಂದಲೇ ಪೇಟೆಯಲ್ಲಿ ಬೇರಿನ ಬದಲು ಕಾಂಡದ ತೊಗಟೆ ಬರುವುದುಂಟು. ಸ್ಥಳವಿರುವವರು ಬಿಲ್ವವನ್ನೋ ಶಿವನಿಯನ್ನೋ ನೆಟ್ಟು ಬೆಳೆಸಿದರೆ, ಅದು ಮುಂದಿನ ಪೀಳಿಗೆಗೆ ನಾವು ಸಲ್ಲಿಸುವ ಸೇವೆಯಾದೀತು.

॥ ಶ್ರೀಕೃಷ್ಣಾರ್ಪಣಮಸ್ತು ॥