ಬೆಂಕಿಯ ನೀಲಿಯಲ್ಲಿ ಶಾಖದ ಲೆಕ್ಕ

(ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ನೆನಪು ಹೇಳುವವರು ಇಲ್ಲಿ ಬಹಳ ಮಂದಿ ಇದ್ದಾರೆ. ನನಗೆ ಮಾತ್ರ ಗುರುಗಳು, "ನೀನು ಮಾಡೋ ಕೆಲಸ ಏನಂತ ಮಕ್ಕಳಿಗೆ ತಿಳಿಯೋ ಹಾಗೆ ಹೇಳು" ಎಂದಿದ್ದಾರೆ. ನನ್ನ ಕೆಲಸ ಬೆಂಕಿ ನೋಡುವುದು. ಕಾರ್ಖಾನೆಯ ಗ್ಯಾಸ್ ಬರ್ನರ್ ಎಷ್ಟು ಶಾಖ ಕೊಡುತ್ತಿದೆ ಎಂಬುದನ್ನು ಅದರ ಬೆಳಕಿನಿಂದಲೇ ಅಳೆಯುವುದು.

ಮೊದಲು ಒಂದು ಪ್ರಶ್ನೆ. ಬಳ್ಳಾರಿಯ ಒಗ್ಗರಣಿ-ಮಿರ್ಚಿ ಅಂಗಡಿಯಲ್ಲಿ ಎರಡು ಗ್ಯಾಸ್ ಒಲೆ ಇವೆ ಎನ್ನಿ. ಒಂದರಲ್ಲಿ ಹಳದಿ ಉರಿ ಎತ್ತರಕ್ಕೆ ಏಳುತ್ತಿದೆ. ಇನ್ನೊಂದರಲ್ಲಿ ಗಿಡ್ಡ ನೀಲಿ ಉರಿ. ಎರಡಕ್ಕೂ ಹೋಗುವ ಗ್ಯಾಸ್ ಒಂದೇ ಅಳತೆ. ಎಣ್ಣೆ ಬೇಗ ಕಾಯುವುದು ಯಾವುದರಲ್ಲಿ? ಹಳದಿ ಅಂದವರು ಕೈ ಎತ್ತಿ. ನೋಡಿ, ಹಿರಿಯರೂ ಎತ್ತಿದರು!

ಹಳದಿ ಉರಿಯಲ್ಲಿ ಗಾಳಿ ಸಾಲದೆ ಇಂಗಾಲದ ಸಣ್ಣ ಕಣಗಳು ಹುಟ್ಟಿ, ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕಾದು ಹೊಳೆಯುತ್ತವೆ. ಆ ಕಣಗಳೇ ಪಾತ್ರೆಯ ತಳಕ್ಕೆ ಹತ್ತುವ ಮಸಿ. ಕಣ್ಣು ಕುಕ್ಕುವ ಆ ಬೆಳಕಿಗೂ ಎಷ್ಟು ಗ್ಯಾಸ್ ಉರಿಯಿತು ಎಂಬ ಲೆಕ್ಕಕ್ಕೂ ನೇರ ಸಂಬಂಧವಿಲ್ಲ.

ನೀಲಿಯ ಕಥೆ ಬೇರೆ. ಗ್ಯಾಸಿನ ಅಣು ಒಡೆದು ಆಮ್ಲಜನಕದೊಂದಿಗೆ ಸೇರುವ ದಾರಿಯಲ್ಲಿ ಅರೆಬರೆ ಅಣುಗಳು ಹುಟ್ಟುತ್ತವೆ. ಇಂಗಾಲ-ಜಲಜನಕದ ಜೋಡಿ ಒಂದು, ಆಮ್ಲಜನಕ-ಜಲಜನಕದ ಜೋಡಿ ಇನ್ನೊಂದು. ಇವುಗಳಲ್ಲಿ ಕೆಲವು ಹುಟ್ಟುವಾಗಲೇ ಹೆಚ್ಚಿನ ಶಕ್ತಿ ಹೊತ್ತಿರುತ್ತವೆ. ಮೈಕ್ರೋಸೆಕೆಂಡಿನೊಳಗೆ ಅದನ್ನು ಬೆಳಕಾಗಿ ಬಿಟ್ಟುಬಿಡುತ್ತವೆ. ಮೊದಲ ಜೋಡಿಯ ಬೆಳಕು 431 ನ್ಯಾನೋಮೀಟರಿನ ನೀಲಿ-ನೇರಳೆ. ಎರಡನೆಯದು ಸುಮಾರು 308 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ. ಗದ್ದೆಯ ಬದುವಿನ ಮಿಂಚುಹುಳದ ಬೆಳಕೂ ಹೀಗೆ ರಾಸಾಯನಿಕ ಕ್ರಿಯೆಯಿಂದಲೇ ಬರುವಂಥದ್ದು. ಉರಿಯುವ ಕ್ರಿಯೆ ಎಲ್ಲಿ ನಡೆಯುತ್ತದೋ ಅಲ್ಲೇ ಈ ಅಣುಗಳು ಹುಟ್ಟುವುದರಿಂದ, ಆ ಬೆಳಕನ್ನು ಎಣಿಸಿದರೆ ಆ ಕ್ಷಣ ಎಷ್ಟು ಶಾಖ ಹೊರಬರುತ್ತಿದೆ ಎಂದು ಅಂದಾಜಿಸಬಹುದು.

ಅಳೆಯುವುದು ಹೀಗೆ. ಆ ಒಂದು ಬಣ್ಣವನ್ನು ಮಾತ್ರ ಬಿಡುವ ಗಾಜು, ಅದರ ಹಿಂದೆ ಬೆಳಕನ್ನು ವಿದ್ಯುತ್ತಾಗಿ ಮಾಡುವ ಸಂವೇದಕ. ಮೊದಲು ಗೊತ್ತಿರುವಷ್ಟು ಗ್ಯಾಸ್ ಉರಿಸಿ ಹೋಲಿಸಿಕೊಳ್ಳಬೇಕು. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖ ಇದೆ. ಗಂಟೆಗೆ 200 ಗ್ರಾಂ ಉರಿದರೆ ಹೆಚ್ಚುಕಡಿಮೆ 2.5 ಕಿಲೋವ್ಯಾಟ್. ಹತ್ತನೇ ತರಗತಿಯವರು ಲೆಕ್ಕ ಮಾಡಿ ನೋಡಿ.

ಥರ್ಮಾಮೀಟರ್ ಸಾಲದೇ ಎಂದು ಕೇಳಬಹುದು. ಅದು ತಾನಿರುವ ಜಾಗದ ಬಿಸಿ ಹೇಳುತ್ತದೆ, ಅದೂ ನಿಧಾನವಾಗಿ. ದೊಡ್ಡ ಬರ್ನರುಗಳಲ್ಲಿ ಉರಿ ಸೆಕೆಂಡಿಗೆ ನೂರಾರು ಸಲ ಕುಣಿಯುವುದುಂಟು. ಪಂಚಮಿ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಎತ್ತರ ಏರುತ್ತದಲ್ಲ, ಹಾಗೆ ಒತ್ತಡ ಹೆಚ್ಚಿದ ಕ್ಷಣದಲ್ಲೇ ಶಾಖವೂ ಹೆಚ್ಚಿದರೆ ಕಂಪನ ಬೆಳೆಯುತ್ತದೆ ಎಂದು ಲಾರ್ಡ್ ರೇಲಿ 1878ರಲ್ಲೇ ಹೇಳಿದ್ದರು. ಈ ಕುಣಿತವನ್ನು ಬೆನ್ನಟ್ಟಲು ಬೆಳಕೇ ಬೇಕು.

ಆದರೆ ಬೆಳಕನ್ನು ಕುರುಡಾಗಿ ನಂಬಬಾರದು. ಗಾಳಿ-ಗ್ಯಾಸಿನ ಪ್ರಮಾಣ ಬದಲಾದರೆ ಅಷ್ಟೇ ಶಾಖಕ್ಕೆ ಬೇರೆ ಬೆಳಕು ಬರುತ್ತದೆ. ಅದಕ್ಕೇ ಎರಡು ಬಣ್ಣ ಅಳೆದು ಅವುಗಳ ಅನುಪಾತ ನೋಡುತ್ತೇವೆ. ನಮ್ಮ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಊದುಕುಲುಮೆಯ ಅನಿಲದಲ್ಲಿ ಉರಿಯುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್. ಸುಮಾರು ಅರ್ಧ ಭಾಗ ಬರೀ ಸಾರಜನಕ. ಅಲ್ಲಿ 431ರ ನೀಲಿಯನ್ನು ಹುಡುಕಿದರೆ ಏನೂ ಸಿಗದು. ಆ ಉರಿಗೆ ಬೇರೆಯದೇ ಮಂಕು ನೀಲಿ ಇದೆ, ಅದಕ್ಕೆ ಬೇರೆ ಲೆಕ್ಕ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹೊರರಾಜ್ಯದ ಒಂದು ಕುಲುಮೆಯಲ್ಲಿ ಉರಿ ಇದೆಯೋ ಇಲ್ಲವೋ ನೋಡುವ ಸಂವೇದಕ ಕೂಡಿಸಿದ್ದೆ. ಒಂದು ರಾತ್ರಿ ಬರ್ನರ್ ಆರಿಹೋಯಿತು. ಪರದೆ ಮಾತ್ರ ಉರಿ ಇದೆ ಎನ್ನುತ್ತಲೇ ಇತ್ತು. ನಾನು ಪರದೆ ನೋಡುತ್ತ ಕುಳಿತಿದ್ದೆ. ಒಬ್ಬ ವಯಸ್ಸಾದ ಆಪರೇಟರ್, "ಸದ್ದು ಬದಲಾಗಿದೆ" ಎನ್ನುತ್ತ ಓಡಿಹೋಗಿ ವಾಲ್ವ್ ಮುಚ್ಚಿದರು. ಒಳಗೆ ತುಂಬಿದ್ದ ಗ್ಯಾಸಿಗೆ ಆಮೇಲೆ ಕಿಡಿ ತಾಗಿದ್ದರೆ ನಾನು ಇಂದು ಇಲ್ಲಿ ನಿಂತಿರುತ್ತಿರಲಿಲ್ಲ. ಆಗಿದ್ದು ಇಷ್ಟೇ: ನಾನು ಆರಿಸಿದ ಸಂವೇದಕ ಕೆಂಪಗೆ ಕಾದ ಇಟ್ಟಿಗೆಯನ್ನೇ ಉರಿ ಎಂದು ತಿಳಿದಿತ್ತು. ಆ ಬಿಸಿಯಲ್ಲಿ ಇಟ್ಟಿಗೆ ಅತಿನೇರಳೆ ಬೆಳಕನ್ನು ಬಿಡುವುದೇ ಇಲ್ಲ ಎನ್ನುವಷ್ಟು ಕಡಿಮೆ. 308ರ ಬೆಳಕು ನೋಡುವಂಥದ್ದನ್ನು ಹಾಕಿದ್ದರೆ ಅದು ಮೋಸ ಹೋಗುತ್ತಿರಲಿಲ್ಲ. ಮರುದಿನವೇ ಬದಲಿಸಿದೆವು.

ತಾಯಂದಿರೇ, ನಿಮ್ಮ ಒಲೆಯ ಉರಿ ದಿನವೂ ಹಳದಿಯಾಗಿದ್ದರೆ ಬರ್ನರಿನ ತೂತು, ಗಾಳಿಯ ಕಿಂಡಿ ಸ್ವಚ್ಛ ಮಾಡಿಸಿ. ಗ್ಯಾಸ್ ದಂಡ, ಜೊತೆಗೆ ವಿಷದ ಕಾರ್ಬನ್ ಮಾನಾಕ್ಸೈಡ್ ಬೇರೆ. ಬೇಳೆ ಉಕ್ಕಿದಾಗ ಒಂದು ಕ್ಷಣ ಹಳದಿಯಾದರೆ ಗಾಬರಿ ಬೇಡ, ಅದು ಉಪ್ಪಿನ ಸೋಡಿಯಂ.

ಮಕ್ಕಳೇ, ಬಣ್ಣದ ಗಾಜು, ಒಂದು ಸಂವೇದಕ ತಂದಿದ್ದೇನೆ. ಶಾಲೆಗೇ ಬಿಟ್ಟು ಹೋಗುತ್ತೇನೆ. ಊಟ ಮುಗಿಸಿ ವಿಜ್ಞಾನ ಕೊಠಡಿಗೆ ಬನ್ನಿ, ಎರಡೂ ಉರಿ ಅಳೆದು ನೋಡೋಣ. ಉಪ್ಪು ಮರೆತು ಬಂದಿದ್ದೇನೆ. ಬಿಸಿಯೂಟದ ಅಕ್ಕಂದಿರನ್ನು ಕೇಳಿ ಒಂದು ಚಿಟಿಕೆ ತನ್ನಿ.