ಆ ಹೆಸರು ಇಟ್ಟವರು ಯಾರು?



ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದಿ ಹೊಟ್ಟೆ ಹೊರೆದವನು. ಆ ಕೆಲಸಕ್ಕೆ ಸೇರಿದವರು ಬೇಗ ಕಲಿಯುವ ಪಾಠ ಸಾವಿನದು. ಮಠಾಧೀಶರು ಲಿಂಗೈಕ್ಯರಾಗುತ್ತಾರೆ. ಮಂತ್ರಿಗಳು ವಿಧಿವಶರಾಗುತ್ತಾರೆ. ಸಾಹಿತಿಗಳು ‘ಇನ್ನಿಲ್ಲ’. ಊರ ಗಣ್ಯರು ನಿಧನರಾಗುತ್ತಾರೆ. ಕಟ್ಟಡ ಕುಸಿದಾಗ ಕೂಲಿಯವನು ಮಾತ್ರ ಸಾಯುತ್ತಾನೆ. ‘ಗೋಡೆ ಕುಸಿದು ಕಾರ್ಮಿಕ ಸಾವು’ ಎಂದರೆ ಒಂದು ಕಾಲಮ್ಮಿನಲ್ಲಿ ಹಿಡಿಸುತ್ತದೆ ಎಂದು ನಾವು ಸಬೂಬು ಹೇಳುತ್ತೇವೆ. ನಿಧನ ಎಂಬ ಶಬ್ದವೇನೂ ಅದಕ್ಕಿಂತ ಬಹಳ ಉದ್ದವಿಲ್ಲ. ಬದುಕಿದ್ದಾಗ ಯಾರಿಗೆ ಯಾವ ಕುರ್ಚಿ ಸಿಕ್ಕಿತ್ತೋ ಸತ್ತ ಮೇಲೆ ಆ ದರ್ಜೆಯ ಕ್ರಿಯಾಪದ ಸಿಗುತ್ತದೆ, ಅಷ್ಟೆ.

ಹೀಗಾಗಿ, ಘಟಿಕೋತ್ಸವದಲ್ಲಿ ಏನು ಮಾತಾಡುತ್ತೀರಿ ಎಂದು ಕುಲಪತಿಗಳು ಕೇಳಿದಾಗ, ಮಾತಿನ ಮರ್ಯಾದೆಯ ಬಗ್ಗೆ ಎಂದೆ. ‘ಪೊಲಿಟಿಕಲ್ ಕರೆಕ್ಟ್‌ನೆಸ್’ ಎಂಬುದು ನಿಮ್ಮ ಮೊಬೈಲಿನಲ್ಲಿ ಆಗಾಗ ಎದುರಾಗುತ್ತದೆ, ಹೆಚ್ಚಿನಂಶ ಬೈಗುಳವಾಗಿ. ಅಮೆರಿಕದ ವಿಶ್ವವಿದ್ಯಾಲಯಗಳ ಜಗಳದಲ್ಲಿ ಹೆಸರಾಗಿ ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿದ ಮಾತು ಅದು. ಅವರ ಜಗಳ ಅವರಿಗಿರಲಿ. ನಮ್ಮದೇ ಬೇಕಾದಷ್ಟಿದೆ.

ಮೆತ್ತಗೆ ಹೇಳುವುದು ಕನ್ನಡಕ್ಕೆ ಹೊಸದೇನಲ್ಲ. ಮನೆ ಬಿಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ದೀಪವನ್ನು ಆರಿಸಬಾರದು, ಶಾಂತ ಮಾಡಬೇಕು. ಹೊಲದಲ್ಲಿ ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’ ಎಂದು ಓಡಿ ಬರುತ್ತಾರೆ. ಸಿಡುಬು ಎದ್ದ ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನಸೊಪ್ಪು ಕಟ್ಟುತ್ತಿದ್ದರು. ಹೆಸರು ಹಿಡಿದರೆ ಎದುರಿಗೇ ಬಂದು ನಿಂತೀತು ಎಂಬ ಅಂಜಿಕೆ. ಇದರಿಂದ ಹಾವಿಗಂತೂ ಅವಮಾನವಾಗಿಲ್ಲ. ನನ್ನ ತಕರಾರು ಶುರುವಾಗುವುದು ಮನುಷ್ಯರಿಗೆ ಹೀಗೆ ಹೆಸರಿಡುವಾಗ. ಆಗ ನಾನು ಕೇಳುವುದು ಎರಡೇ: ಈ ಹೆಸರು ಇಟ್ಟವರು ಯಾರು? ಇದನ್ನು ಆಡಿದಾಗ ನಿರಾಳವಾಗುವುದು ಯಾರಿಗೆ?

ಗಾಂಧೀಜಿ ‘ಹರಿಜನ’ ಎಂಬ ಹೆಸರನ್ನು ಚಲಾವಣೆಗೆ ತಂದರು, 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೇ ಹೊರಡಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆಯೊಂದಕ್ಕೆ ಅದೇ ಹೆಸರನ್ನು ಸೇರಿಸಲು ಹೊರಟಾಗ ಅಂಬೇಡ್ಕರರೂ ಅವರ ಪಕ್ಷದವರೂ ವಿರೋಧಿಸಿ ಸಭೆಯಿಂದ ಹೊರನಡೆದರು. ದೇವರ ಮಕ್ಕಳು ಎಂದು ಕರೆಸಿಕೊಂಡವರಿಗೆ ದೇವರ ಗುಡಿಯ ಬಾಗಿಲು ಮುಚ್ಚಿಯೇ ಇತ್ತಲ್ಲ. ಊರ ಬಾವಿಯೂ ಅಷ್ಟೆ. ಹೆಸರು ಬದಲಾದಾಗ ಹಗುರವಾದದ್ದು ಕರೆಯುವವರ ಮನಸ್ಸು.

ಇನ್ನು ನಮ್ಮ ರಾಜ್ಯದ ಮಾತು. ಎಪ್ಪತ್ತರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತಾಡಿದರು. ರಾಜ್ಯದಲ್ಲೆಲ್ಲ ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. ಸಾಹಿತ್ಯದ ಬಗ್ಗೆ ಅವರ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ. ಆದರೆ ಈ ಲೆಕ್ಕ ನೋಡಿ: ತಲೆಮಾರುಗಳಿಂದ ತಲೆಯ ಮೇಲಿದ್ದ ಬುಟ್ಟಿಗೆ ಏಳದ ಗಲಾಟೆ ಒಂದು ಶಬ್ದಕ್ಕೆ ಎದ್ದಿತು. ಮಾತಿಗೇ ಮನ ನೋಯಿಸಿಕೊಳ್ಳುತ್ತಾರೆ ಎಂದು ಇವತ್ತು ವಿದ್ಯಾರ್ಥಿಗಳನ್ನು ಹಂಗಿಸುವ ಹಿರಿಯರು ಇದನ್ನು ನೆನಪಿಡಬೇಕು. ಮಾತಿಗೆ ನೊಂದುಕೊಳ್ಳುವುದನ್ನು ಹೊಸ ತಲೆಮಾರು ಕಂಡುಹಿಡಿದದ್ದಲ್ಲ. ಮುಂಚೆ ಆ ಹಕ್ಕು ಕೆಲವರಿಗಷ್ಟೇ ಇತ್ತು. ಆ ಗಲಾಟೆಯ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ‘ದಲಿತ’ ಎಂಬುದರಲ್ಲಿ ಮೆತ್ತನೆಯದು ಏನೂ ಇಲ್ಲ, ತುಳಿತವನ್ನು ಅದು ನೇರವಾಗಿಯೇ ಹೇಳುತ್ತದೆ. ಅದು ನಿಂತದ್ದು ಅದನ್ನು ಹೊತ್ತವರೇ ಎತ್ತಿ ಹಿಡಿದದ್ದರಿಂದ.

ಜಾಡಮಾಲಿ ಎನ್ನುತ್ತಿದ್ದೆವು. ಈಗ ಪೌರಕಾರ್ಮಿಕ ಎನ್ನುತ್ತೇವೆ. ಒಳ್ಳೆಯ ಹೆಸರು. ಜಾತಿಯ ವಾಸನೆ ತೆಗೆದು ಕೆಲಸಗಾರ ಎನ್ನುತ್ತದೆ. ಸೆಪ್ಟೆಂಬರ್ 23ರಂದು ಅವರ ದಿನವನ್ನೂ ಆಚರಿಸುತ್ತೇವೆ, ಶಾಲು ಹೊದಿಸುತ್ತೇವೆ. ಆದರೆ ಹೆಸರು ಕಾರ್ಮಿಕ ಎಂದಿದ್ದರೂ ಹಾಜರಿ ಪುಸ್ತಕ ದಶಕಗಳ ಕಾಲ ಗುತ್ತಿಗೆದಾರನ ಕೈಯಲ್ಲಿತ್ತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ ಕಾಯಮಾತಿಯ ಮಾತು ಮುಂದೆ ಸರಿಯಿತು, 2025ರ ಮೇ ದಿನದಂದು ಬೆಂಗಳೂರಿನಲ್ಲಿ ಸಾವಿರಾರು ಜನರ ಕೈಗೆ ನೇಮಕಾತಿ ಪತ್ರ ಬಂತು. ಹೆಸರಿಗೂ ಸಂಬಳದ ಚೀಟಿಗೂ ನಡುವೆ ಇಷ್ಟು ವರ್ಷ!

ಅದಕ್ಕೂ ಮುಂಚಿನ ಒಂದು ಘಟನೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಇದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸಲು ಹೊರಟಾಗ ಮಲ ಬಾಚುತ್ತಿದ್ದ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅರ್ಜಿಗಳ ನಯವಾದ ಭಾಷೆಗೆ ಕಿವಿಗೊಡದ ಕಚೇರಿಗಳು ಅವತ್ತು ತಿರುಗಿ ನೋಡಿದವು. ಅವರ ನಡತೆ ಸಭ್ಯವಾಗಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಕಾನೂನು ಓದಿದವರು ಇಲ್ಲಿ ಸ್ವಲ್ಪ ಕಿವಿಗೊಡಿ. ಕೈಯಿಂದ ಮಲ ಬಾಚುವ ಕೆಲಸವನ್ನು 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ನಿಷೇಧಿಸಿದವು. 2013ರ ಕಾಯ್ದೆಯ ವ್ಯಾಖ್ಯೆಯ ಕೆಳಗೆ ಒಂದು ವಿವರಣೆ ಇದೆ. ಉಪಕರಣ ಬಳಸಿ, ರಕ್ಷಣಾ ಸಾಮಗ್ರಿ ತೊಟ್ಟು ಮಲ ತೆಗೆಯುವವನನ್ನು ಮಲ ಬಾಚುವವನು ಎಂದು ಪರಿಗಣಿಸುವಂತಿಲ್ಲ. ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಇಳಿಸುವುದಕ್ಕೆ ಅದೇ ಕಾಯ್ದೆಯಲ್ಲಿ ‘ಅಪಾಯಕಾರಿ ಸ್ವಚ್ಛತೆ’ ಎಂಬ ಬೇರೆ ಹೆಸರು, ಬೇರೆ ಖಾನೆ. ಈ ಎರಡು ಖಾನೆಗಳ ಪವಾಡ ಕಾಣಬೇಕಾದರೆ 2021ಕ್ಕೆ ಬನ್ನಿ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ ಮುನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಲೋಕಸಭೆಗೆ ತಿಳಿಸಿತು. ಜುಲೈನಲ್ಲಿ ಅದೇ ಸರ್ಕಾರ ಐದು ವರ್ಷಗಳಲ್ಲಿ ಮಲ ಬಾಚುವ ಕೆಲಸದಿಂದ ಒಂದು ಸಾವೂ ವರದಿಯಾಗಿಲ್ಲ ಎಂದು ರಾಜ್ಯಸಭೆಗೆ ಹೇಳಿತು. ಎರಡೂ ಉತ್ತರ ಕಾನೂನಿನ ಕಣ್ಣಿಗೆ ಸರಿ! ಗುಂಡಿಗೆ ಇಳಿದು ವಿಷಗಾಳಿ ಕುಡಿದವನು ಯಾವ ಖಾನೆಯಲ್ಲಿ ಸತ್ತ ಎನ್ನುವುದಷ್ಟೇ ವ್ಯತ್ಯಾಸ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ 10 ಲಕ್ಷ ಪರಿಹಾರ ಎಂದಿತ್ತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನ್ಯಾಯಾಲಯಕ್ಕೆ ಆ ಸಾವು ಕಂಡಿದೆ. ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಈ ಹಿನ್ನೆಲೆಯಲ್ಲಿ ‘ದಿವ್ಯಾಂಗ’ದ ಕಡೆ ನೋಡಿ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಸೂಚಿಸಿದ ಹೆಸರು. ಅಂಗವೈಕಲ್ಯವಿದ್ದವರ ಹಲವು ಸಂಘಟನೆಗಳು ಕೂಡಲೇ ಬೇಡ ಎಂದವು. ದೈವತ್ವ ಬೇಡ, ಬಸ್ಸು ಹತ್ತಲು ಬಂದರೆ ಸಾಕು ಎಂಬುದು ಅವರ ವಾದದ ಸಾರ. ಕನ್ನಡದಲ್ಲಿ ಅಂಗವಿಕಲ ಹಳತಾಯಿತೆಂದು ವಿಕಲಚೇತನ ತಂದೆವು. ಕೈಕಾಲಿಗೆ ಇದ್ದ ಊನವನ್ನು ಚೇತನಕ್ಕೇ ಹಚ್ಚಿದೆವು ಎಂಬುದು ಆಮೇಲೆ ಹೊಳೆಯಿತು. ಅದನ್ನು ಬಿಟ್ಟು ವಿಶೇಷಚೇತನ ಎಂದೆವು. ಇಷ್ಟು ಹೆಸರು ಬದಲಿಸುವ ಹೊತ್ತಿಗೆ ತಾಲ್ಲೂಕು ಕಚೇರಿಗಳಿಗೆಲ್ಲ ಒಂದೊಂದು ರ‍್ಯಾಂಪ್ ಕಟ್ಟಿ ಮುಗಿಸಬಹುದಿತ್ತು.

ಹಾಗಾದರೆ ಹೆಸರು ತಿದ್ದುವುದೇ ದಂಡವೇ? ಅಲ್ಲ. ಇಲ್ಲಿ ಗೆಳತಿಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ಬೀದಿಯಲ್ಲಿ ಹೆಣ್ಣುಮಕ್ಕಳ ಮೈಮೇಲೆ ಬೀಳುವುದಕ್ಕೆ ನಾವು ‘ಚುಡಾಯಿಸುವುದು’ ಎನ್ನುತ್ತಿದ್ದೆವು, ಇಂಗ್ಲಿಷ್ ಪತ್ರಿಕೆಗಳು ‘ಈವ್ ಟೀಸಿಂಗ್’ ಎನ್ನುತ್ತಿದ್ದವು. ಮಾವನ ಮಗಳನ್ನು ಹಾಸ್ಯ ಮಾಡಿದ ಹಾಗೆ! 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿ ಆ ಮಾತನ್ನು ಬಿಟ್ಟು ಬೀದಿಯ ಲೈಂಗಿಕ ಕಿರುಕುಳ ಎನ್ನಿ ಎಂದಿತು. ಇಲ್ಲಿ ಸರಿಯಾದ ಮಾತೇ ಹೆಚ್ಚು ಒರಟು. ಹಾಗೆಯೇ, ಜಾತಿ ಬಿಟ್ಟು ಮದುವೆಯಾದ ಮಗಳನ್ನು ಕೊಂದದ್ದಕ್ಕೆ ‘ಮರ್ಯಾದಾ ಹತ್ಯೆ’ ಎಂಬ ಹೆಸರು ಬಂದಾಗ ಕನ್ನಡ ಪತ್ರಿಕೆಗಳು ಅದನ್ನು ‘ಮರ್ಯಾದೆಗೇಡು ಹತ್ಯೆ’ ಎಂದು ತಿರುಗಿಸಿದವು. ನನ್ನ ವೃತ್ತಿಯವರು ಮಾಡಿದ ಕೆಲಸಗಳಲ್ಲಿ ನನಗೆ ಹೆಮ್ಮೆ ತರುವ ಕೆಲವೇ ಕೆಲವುಗಳಲ್ಲಿ ಅದೊಂದು.

ಮುಟ್ಟಿನ ಮಾತೂ ಇದೇ ಜಾತಿಯದು. ‘ಕಾಗೆ ಮುಟ್ಟಿದೆ’, ‘ಹೊರಗಾಗಿದ್ದಾಳೆ’ ಎಂದು ಅಜ್ಜಿಯರು ಪಿಸುಗುಟ್ಟುತ್ತಿದ್ದರು. ಪಟ್ಟಣದಲ್ಲಿ ಅದು ಬರೀ ಮಾತು. ತುಮಕೂರು, ಚಿತ್ರದುರ್ಗದ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಹೊರಗೆ ಎಂದರೆ ಹೊರಗೇ. ಮುಟ್ಟಾದವಳೂ ಬಾಣಂತಿಯೂ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಬೇಕು. 2023ರ ಜುಲೈನಲ್ಲಿ, ಮಳೆಗಾಲದಲ್ಲಿ, ತುಮಕೂರು ತಾಲ್ಲೂಕಿನ ಅಂಥದೊಂದು ಗುಡಿಸಲಿನಲ್ಲಿ ಬಾಣಂತಿಯ ಹಸುಗೂಸು ತೀರಿಹೋಯಿತು. ಅದಾಗಿ ಎರಡು ವರ್ಷಕ್ಕೆ, 2025ರ ಅಕ್ಟೋಬರಿನಲ್ಲಿ, ನಮ್ಮ ರಾಜ್ಯ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಕಾಗೆಯ ಹೆಸರಿನಲ್ಲಿ ರಜೆ ಕೇಳಲಾಗುವುದಿಲ್ಲ. ಯಾರೋ ಕೆಲವರು ನಾಚಿಕೆ ಬಿಟ್ಟು ಅದನ್ನು ಅದರ ಹೆಸರಿನಿಂದಲೇ ಕರೆದು ಗಂಡಸರ ಸಭೆಗಳಲ್ಲಿ ವಾದಿಸಿದ್ದರಿಂದ ಆದ ಕೆಲಸ ಇದು.

ನೀವು ಕಾಲಿಡುತ್ತಿರುವ ಕಚೇರಿಗಳ ಭಾಷೆಗೆ ಬರುತ್ತೇನೆ. ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ‘ರೈಟ್‌ಸೈಜಿಂಗ್’ ಮಾಡುತ್ತಾರೆ. ಕೆಲಸ ಕೊಡದೆ ಕೂರಿಸಿದರೆ ‘ಬೆಂಚ್’ ಮೇಲಿದ್ದೀರಿ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ‘ಪಾರ್ಟ್‌ನರ್’. ಮಳೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಊಟ ತಂದುಕೊಡುವ ಹುಡುಗ ಕಂಪನಿಯ ಪಾಲುದಾರನಂತೆ. ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ಮುರಿಯುವ ಕಾಲೂ ಅವನದೇ. ದರ ನಿಗದಿ ಮಾಡುವುದು, ಐಡಿ ಬ್ಲಾಕ್ ಮಾಡುವುದು ಆ್ಯಪ್. ಲಾಭದಲ್ಲಿ ಪಾಲಿಲ್ಲದ ಈ ಪಾಲುದಾರನನ್ನು ನೌಕರ ಎಂದು ಕರೆದರೆ ಪಿಎಫ್, ಇಎಸ್‌ಐ, ರಜೆ ಎಲ್ಲ ಕೊಡಬೇಕಾಗುತ್ತದೆ. ಒಂದು ಗೌರವದ ಹೆಸರು ಎಷ್ಟು ಹಣ ಉಳಿಸಬಲ್ಲದು ಎಂಬುದನ್ನು ಕಾಮರ್ಸ್ ಓದಿದವರು ಲೆಕ್ಕ ಹಾಕಿ ನೋಡಬಹುದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು, ಪ್ರತಿ ವಹಿವಾಟಿನ ಮೇಲೆ ಕಂಪನಿಗಳು ಕಲ್ಯಾಣ ನಿಧಿಗೆ ಶುಲ್ಕ ಕಟ್ಟಬೇಕು. ಆ ಕಾಯ್ದೆಯ ಹೆಸರಿನಲ್ಲಿ ಇರುವುದು ಕಾರ್ಮಿಕ, ಪಾರ್ಟ್‌ನರ್ ಅಲ್ಲ.

ಈಗೀಗ ಏನು ಮಾತಾಡಲೂ ಬಿಡುವುದಿಲ್ಲ, ಬಾಯಿ ತೆರೆದರೆ ತಪ್ಪು ಹಿಡಿಯುತ್ತಾರೆ ಎಂದು ನನ್ನ ವಯಸ್ಸಿನವರು ಗೊಣಗುತ್ತಾರೆ. ನಮ್ಮ ಗಾದೆಗಳ ಪುಸ್ತಕ ತೆರೆದರೆ ವಿಧವೆಯರಿಗೆ, ಕಸುಬಿನವರಿಗೆ, ಕರಿ ಬಣ್ಣದವರಿಗೆ ಬೈದದ್ದು ಪುಟಗಟ್ಟಲೆ ಸಿಗುತ್ತದೆ. ಕ್ಷೌರದ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸಬೇಡಿ ಎಂದು ಸವಿತಾ ಸಮಾಜದವರು ಕೇಳುತ್ತಲೇ ಬಂದಿದ್ದಾರೆ. ಅದನ್ನು ಬಿಟ್ಟರೆ ಕನ್ನಡ ಬಡವಾಗುತ್ತದೆ ಎನ್ನುವವರ ಕನ್ನಡ ಮೊದಲೇ ಬಡವಾಗಿದೆ. ಇನ್ನೊಂದು ಕಡೆ, ಶಬ್ದ ತಪ್ಪಿದ ಹಳ್ಳಿಯ ಅಜ್ಜನನ್ನು ಫೇಸ್‌ಬುಕ್ಕಿನಲ್ಲಿ ಹರಾಜಿಗಿಡುವ ಉತ್ಸಾಹವೂ ನನಗೆ ಸೇರದು. ಅಜ್ಜ ‘ಕುಂಟ’ ಎಂದು ಕರೆದೇ ಪಕ್ಕದ ಮನೆಯವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋಗಿ ಬರುತ್ತಾನೆ. ಆ ಅಜ್ಜನನ್ನು ಕಾಯಬಹುದು, ನಿಧಾನವಾಗಿ ತಿದ್ದಬಹುದು. ಸುತ್ತೋಲೆ ಬರೆಯುವವರನ್ನು ಕಾಯಬೇಕಿಲ್ಲ.

ಮತ್ತು ಸುತ್ತೋಲೆ ಬರೆಯುವವರು ಇನ್ನು ಮುಂದೆ ನೀವೇ. ನಿಮ್ಮಲ್ಲಿ ಕೆಲವರು ಕೆಎಎಸ್ ಬರೆಯುತ್ತೀರಿ, ಸದನದ ಪ್ರಶ್ನೆಗೆ ಕರಡು ಉತ್ತರ ತಯಾರಿಸುತ್ತೀರಿ. ಕೆಲವರು ಎಚ್‌ಆರ್ ವಿಭಾಗದಲ್ಲಿ ಕೂತು ಕೆಲಸ ಕಳೆದುಕೊಂಡವನಿಗೆ ಮೇಲ್ ಕಳಿಸುತ್ತೀರಿ. ಕೆಲವರು ನನ್ನ ಹಳೆಯ ಡೆಸ್ಕಿಗೆ ಬಂದು ರಾತ್ರಿ ಹನ್ನೊಂದಕ್ಕೆ, ಸೆಪ್ಟಿಕ್ ಟ್ಯಾಂಕಿಗೆ ಇಳಿದ ಇಬ್ಬರ ಸುದ್ದಿಗೆ ಶೀರ್ಷಿಕೆ ಕೊಡಬೇಕಾಗುತ್ತದೆ. ‘ಉಸಿರುಗಟ್ಟಿ ಸಾವು’ ಎಂದು ಬರೆದರೆ ತಪ್ಪಿಲ್ಲ. ಅವರನ್ನು ಇಳಿಸಿದವರು ಯಾರು ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಲು ಜಾಗ ಇರುತ್ತದೆ, ನಾನು ಅಳೆದು ನೋಡಿದ್ದೇನೆ.